‘ಏಕೆ?’ ಎಂಬ ಪ್ರಶ್ನೆಯಿಂದ ‘ಯಾವ ದಾಖಲೆ?’ ಎಂಬ ಪ್ರಶ್ನೆಗೆ

ಮಾಹಿತಿ ಹಕ್ಕು ಅಧಿನಿಯಮ, 2005ರ ಪಾಠಕ್ಕೆ ರಸ್ತೆ, ಚರಂಡಿ, ಪಡಿತರ ಚೀಟಿಯ ಉದಾಹರಣೆಗಳು ನಮಗೆಲ್ಲ ರೂಢಿಯಾಗಿವೆ. ಹತ್ತನೇ ತರಗತಿಯ ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡದ್ದು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು, ಅಂದರೆ ಎನ್‌ಡಿಎಯನ್ನು. ತರಗತಿಯಲ್ಲಿ ಎನ್‌ಸಿಸಿ ಸೇರಿದ ಹುಡುಗಿಯರಿದ್ದರು. ಆ ಪರೀಕ್ಷೆಯ ಆಸೆ ಕೆಲವರಿಗಿತ್ತು.

ಪೀಠಿಕೆಯಾಗಿ ಹೇಳಿದ್ದು ಸ್ವಲ್ಪವೇ. 2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ ಹೆಣ್ಣುಮಕ್ಕಳೂ ಎನ್‌ಡಿಎ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. 2022ರ ಮೊದಲ ಪರೀಕ್ಷೆಯ ಅಧಿಸೂಚನೆಯಂತೆ ಅಕಾಡೆಮಿಯ 370 ಸ್ಥಾನಗಳಲ್ಲಿ ಮಹಿಳೆಯರಿಗೆ 19: ಭೂಸೇನೆಗೆ 10, ವಾಯುಸೇನೆಗೆ 6, ನೌಕಾಸೇನೆಗೆ 3. ಶೇಕಡಾವಾರು ಲೆಕ್ಕವನ್ನು ಮಕ್ಕಳಿಗೇ ಬಿಟ್ಟೆ. ಕಪ್ಪುಹಲಗೆಯ ಮೇಲೆ ‘ಸುಮಾರು 5’ ಎಂದು ಬಂದ ಮೇಲೆ ನಾನು ಪ್ರಶ್ನೆ ಕೇಳಬೇಕಾಗಲಿಲ್ಲ.

ಮೊದಲ ಕರಡುಗಳೆಲ್ಲ ಹೆಚ್ಚುಕಡಿಮೆ ಒಂದೇ: “ಹುಡುಗಿಯರಿಗೆ ಏಕೆ ಇಷ್ಟು ಕಡಿಮೆ? ಇದು ಅನ್ಯಾಯವಲ್ಲವೇ?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಹೊಣೆ. ಹೊಸದಾಗಿ ವಿವರಣೆ ಬರೆದುಕೊಡುವ ಬಾಧ್ಯತೆ ಅವರಿಗಿಲ್ಲ. ಪಾಠದ ತಿರುಳು ಇಲ್ಲಿದೆ, ಹೆಚ್ಚು ಸಮಯವನ್ನೂ ಇಲ್ಲಿಯೇ ಕೊಡಬೇಕು.

ಗುಂಪುಗಳಲ್ಲಿ ತಿದ್ದಿದ ಮೇಲೆ ಬಂದ ವಾಕ್ಯಗಳು: “19 ಎಂಬ ಸಂಖ್ಯೆಯನ್ನು ನಿಗದಿಪಡಿಸಿದ ಕಡತದ ಟಿಪ್ಪಣಿಗಳ ಹಾಗೂ ಸಭಾ ನಡವಳಿಗಳ ಪ್ರತಿ ಒದಗಿಸಿ.” “ಪ್ರತಿ ಪರೀಕ್ಷೆಗೆ ಅರ್ಜಿ ಹಾಕಿದ, ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ, ಎಸ್‌ಎಸ್‌ಬಿ ಸಂದರ್ಶನ ದಾಟಿದ, ಅಕಾಡೆಮಿ ಸೇರಿದ ಹುಡುಗ ಹುಡುಗಿಯರ ಸಂಖ್ಯೆಯನ್ನು ಪ್ರತ್ಯೇಕವಾಗಿ ತಿಳಿಸಿ.” ಎರಡನೆಯದು ನನಗೆ ಬಹಳ ಹಿಡಿಸಿತು. ಹುಡುಗಿಯರು ಅರ್ಜಿಯನ್ನೇ ಹಾಕುತ್ತಿಲ್ಲವೋ, ಎಲ್ಲ ಹಂತ ದಾಟಿ ಬಂದರೂ ಸ್ಥಾನವಿಲ್ಲದೆ ಹಿಂದಿರುಗುತ್ತಿದ್ದಾರೋ ಎಂಬುದು ಅದರಿಂದ ತಿಳಿಯುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಅರ್ಜಿ ಯಾರಿಗೆ? ಪರೀಕ್ಷೆ ನಡೆಸುವುದು ಯುಪಿಎಸ್‌ಸಿ, ಅಕಾಡೆಮಿ ಇರುವುದು ರಕ್ಷಣಾ ಸಚಿವಾಲಯದ ಅಧೀನದಲ್ಲಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಶುಲ್ಕ 10 ರೂ., ಉತ್ತರಕ್ಕೆ 30 ದಿನ, ಅನಂತರ ಮೇಲ್ಮನವಿ. ಇವನ್ನು ಚಾರ್ಟ್‌ನಲ್ಲಿ ತೋರಿಸಿ ಮುಂದೆ ಹೋದೆ.

ಎನ್‌ಸಿಸಿಯ ಹುಡುಗಿಯೊಬ್ಬಳು ಎದ್ದು, “ಮಿಸ್, ನಾನೇ ಅರ್ಜಿ ಹಾಕಿದ್ರೆ ಮುಂದೆ ಸೆಲೆಕ್ಷನ್‌ನಲ್ಲಿ ನಂಗೆ ತೊಂದ್ರೆ ಆಗಲ್ವಾ?” ಎಂದಳು. ಅರ್ಜಿದಾರರು ಕಾರಣ ಹೇಳಬೇಕಿಲ್ಲ, ಸಂಪರ್ಕಕ್ಕೆ ಬೇಕಾದ ವಿವರ ಬಿಟ್ಟು ಬೇರೇನನ್ನೂ ಕೊಡಬೇಕಿಲ್ಲ ಎಂಬ 6(2)ನೇ ಪ್ರಕರಣವನ್ನು ಓದಿಸಿದೆ. ಅವಳ ಅಂಜಿಕೆಗೆ ಅದು ಪೂರ್ತಿ ಉತ್ತರವಲ್ಲ. ಪ್ರಶಿಕ್ಷಣಾರ್ಥಿಗಳು ಇಂಥ ಪ್ರಶ್ನೆಯನ್ನು ‘ಪಾಠಕ್ಕೆ ಹೊರಗಿನದು’ ಎಂದು ಕೂರಿಸಬಾರದು.

ಕೊನೆಯ ಹತ್ತು ನಿಮಿಷ ವಾದಕ್ಕೆ ಹೋಯಿತು. ಮಹಿಳಾ ಕೆಡೆಟ್‌ಗಳಿಗೆ ಎಷ್ಟು ವಸತಿ ಕೊಠಡಿಗಳಿವೆ ಎಂದು ಕೇಳಬಹುದೇ? ದೇಶದ ಭದ್ರತೆಯ ಕಾರಣಕ್ಕೆ 8(1)(ಎ) ಪ್ರಕಾರ ನಿರಾಕರಿಸುತ್ತಾರೆ ಎಂದ ಒಬ್ಬ ಹುಡುಗ. ಕಟ್ಟಡದ ನಕ್ಷೆ ಬೇಡ, ಸಂಖ್ಯೆ ಸಾಕು. ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಲು 10ನೇ ಪ್ರಕರಣವಿದೆಯಲ್ಲ ಎಂದಳು ಅದೇ ಹುಡುಗಿ. ಗಂಟೆ ಹೊಡೆಯುವಾಗ ಆ ಪ್ರಶ್ನೆ ಕರಡಿನಲ್ಲಿ ಐದನೆಯದಾಗಿ ಸೇರಿತ್ತು.