ದಾರದ ತುದಿ ಬಿಡಬೇಡ

ಮರಿ, ನಿನ್ನ ಹೊಸ ಪಿಕಪ್‌ಗಳ ಡಬ್ಬಿ ಬಂದಿದೆಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಈ ಭಾನುವಾರವೇ ಗಿಟಾರ್ ಬಿಚ್ಚಿ ಕೂರುತ್ತೀಯಂತೆ. ಕೂರು, ಬೇಡ ಅನ್ನುವುದಿಲ್ಲ. ತನ್ನ ವಾದ್ಯದ ಹೊಟ್ಟೆಯೊಳಗೆ ಏನಿದೆ ಅಂತ ನುಡಿಸುವವನಿಗೆ ಗೊತ್ತಿರಬೇಕು. ಆದರೆ ಸೋದರಮಾವನ ನಾಲ್ಕು ಮಾತು ಕೇಳಿಸಿಕೊಂಡು ಆಮೇಲೆ ಕೈ ಹಚ್ಚು.

ನಿನ್ನ ದೂರು ನನಗೆ ನೆನಪಿದೆ. ಕುತ್ತಿಗೆ ಕಡೆಯ ಪಿಕಪ್ ಮಂಕು, ದಪ್ಪ ತಂತಿಗಳೆಲ್ಲ ಕಲಸಿಹೋಗುತ್ತವೆ. ಬ್ರಿಡ್ಜ್ ಕಡೆಯದಕ್ಕೆ ತೂಕವೇ ಇಲ್ಲ. ಈ ದೂರಿಗೆ ಅರ್ಧ ಸಲ ಮದ್ದು ಇರುವುದು ಹೊಸ ಪಿಕಪ್‌ನಲ್ಲಲ್ಲ, ಸ್ಕ್ರೂಡ್ರೈವರ್‌ನಲ್ಲಿ. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿ. ತಂತಿಯ ತಳದಿಂದ ಪಿಕಪ್‌ನ ತಲೆಗೆ ಕುತ್ತಿಗೆ ಕಡೆ ಸುಮಾರು 2.4 ಮಿಲಿಮೀಟರ್, ಬ್ರಿಡ್ಜ್ ಕಡೆ ಸುಮಾರು 1.6 ಮಿಲಿಮೀಟರ್ ಇಟ್ಟು ನೋಡು. ಅಲ್ಲಿಂದಾಚೆಗೆ ಅರ್ಧರ್ಧ ಸುತ್ತು ತಿರುಗಿಸಿ ಕಿವಿಗೆ ಒಪ್ಪಿಸು. ಕುತ್ತಿಗೆ ಕಡೆಯದನ್ನು ಇನ್ನೂ ಸ್ವಲ್ಪ ಇಳಿಸಿದರೆ ಮಂಕು ಎಷ್ಟೋ ತಿಳಿಯಾಗುತ್ತದೆ. ಹೊಸ ತಂತಿ ಹಾಕಿ ಭಾನುವಾರದವರೆಗೆ ಹಾಗೇ ನುಡಿಸು. ಆಮೇಲೂ ಮನಸ್ಸು ಒಪ್ಪದಿದ್ದರೆ ಡಬ್ಬಿ ಒಡೆ.

ನಿನ್ನ ಗಿಟಾರಿನ ಮೂಲಪುರುಷ ಗಿಬ್ಸನ್ ಕಂಪನಿಯ ಇಎಸ್-335. ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಊರಿನಲ್ಲಿ, 1958ರಲ್ಲಿ ಹುಟ್ಟಿದ್ದು. ಅಲ್ಲಿಯವರೆಗೆ ಪೂರ್ತಿ ಪೊಳ್ಳು ಮೈಯ ಗಿಟಾರ್ ಇತ್ತು, ಪೂರ್ತಿ ಗಟ್ಟಿ ಮೈಯದೂ ಇತ್ತು. ಪೊಳ್ಳಿನದಕ್ಕೆ ದನಿ ಮಧುರ, ಆದರೆ ಆಂಪ್ ಜೋರು ಮಾಡಿದರೆ ಊಳಿಡುತ್ತಿತ್ತು. ಟೆಡ್ ಮೆಕಾರ್ಟಿ ಆ ಕಂಪನಿಯ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಎರಡಕ್ಕೂ ನಡುವಿನ ದಾರಿ ಕಂಡುಕೊಂಡರು. ನಡುಮಧ್ಯೆ ಉದ್ದಕ್ಕೂ ಮೇಪಲ್ ಮರದ ಗಟ್ಟಿ ದಿಮ್ಮಿ, ಅದರ ಎರಡು ಪಕ್ಕಕ್ಕೆ ಪೊಳ್ಳು ರೆಕ್ಕೆಗಳು. ಪಿಕಪ್ ಕೂತಿರುವುದು ದಿಮ್ಮಿಯ ಮೇಲೆ. ವಾಲ್ಯೂಮು, ಟೋನು, ಸ್ವಿಚ್ಚು, ವೈರುಗಳೆಲ್ಲ ಇರುವುದು ಕೆಳಗಿನ ರೆಕ್ಕೆಯೊಳಗೆ. ಗಟ್ಟಿ ಮೈಯ ಗಿಟಾರಾದರೆ ಹಿಂದೆ ಮುಚ್ಚಳ ತೆಗೆದರೆ ಮುಗಿಯಿತು. ಇದಕ್ಕೆ ಹಿಂದೆ ಮುಚ್ಚಳವೇ ಇಲ್ಲ. ಒಳಗೆ ಹೋಗಲು, ಹೊರಗೆ ಬರಲು ಎಫ್ ಆಕಾರದ ಆ ಕಂಡಿಯೊಂದೇ ಬಾಗಿಲು.

ನಿಮ್ಮಜ್ಜಿ ಲಂಗದ ಹಳೇ ಲಾಡಿ ಬದಲಿಸುತ್ತಿದ್ದದ್ದನ್ನು ನೀನು ನೋಡಿದ್ದೀಯ. ಹಳೆಯದನ್ನು ಸುಮ್ಮನೆ ಎಳೆದು ಹಾಕುತ್ತಿರಲಿಲ್ಲ. ಅದರ ತುದಿಗೆ ಹೊಸ ಲಾಡಿಯ ತುದಿ ಸೇರಿಸಿ ಗಂಟು ಹಾಕಿ, ಆಮೇಲೆ ಎಳೆಯುತ್ತಿದ್ದರು. ಹಳೆಯದು ಹೊರಬರುತ್ತಿದ್ದ ಹಾಗೇ ಹೊಸದು ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಈ ಗಿಟಾರಿನ ಕೆಲಸವೆಲ್ಲ ಅಷ್ಟೇ. ಗುಬುಟು ತೆಗೆದು, ನಟ್ಟು ಬಿಚ್ಚಿ, ವಾಲ್ಯೂಮಿನ ದಂಡನ್ನು ಒಳಗೆ ತಳ್ಳುವ ಮೊದಲು ಆ ದಂಡಿಗೆ ಗಟ್ಟಿ ನೂಲು ಕಟ್ಟು. ನೂಲು ಜಾರುವಂತಿದ್ದರೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪ್ಲಾಸ್ಟಿಕ್ ಕೊಳವೆ ಆರು ಇಂಚು ತಂದು ದಂಡಿನ ಮೇಲೆ ಬಿಗಿಯಾಗಿ ಕೂರಿಸು. ಇನ್ನೊಂದು ತುದಿ ಗಿಟಾರಿನ ಮೇಲೆ, ಅದರದೇ ತೂತಿನಿಂದ ಹೊರಗಿರಲಿ. ದಂಡಿನ ಸಮೇತ ವಾಲ್ಯೂಮಿನ ಪಾಟ್ ಕಂಡಿಯಿಂದ ಹೊರಗೆ ಬರಲಿ, ಬೆಸುಗೆ ಮುಗಿಯಲಿ. ಕೊನೆಗೆ ನೂಲು ಹಿಡಿದೆಳೆದರೆ ತಾನು ಹೊರಟ ತೂತಿಗೇ ವಾಪಸು ಬಂದು ಮೂತಿ ತೋರಿಸುತ್ತದೆ. ಜಾಕ್‌ಗೂ ಸ್ವಿಚ್‌ಗೂ ಇದೇ ರೀತಿ.

ಇದನ್ನು ನಾನು ಕಲಿತದ್ದು ನೋವಿನಿಂದ. ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಕಾಲ. ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಎರಡು ದಿನ ಇದ್ದಾಗ ಗೆಳೆಯನೊಬ್ಬನ ಗಿಟಾರಿಗೆ ಪಿಕಪ್ ಹಾಕಿಕೊಡುತ್ತೇನೆಂದು ಒಪ್ಪಿಕೊಂಡೆ. ನೂಲು ಕಟ್ಟದೆ ವೈರಿನ ಗೊಂಚಲನ್ನು ಪೂರ್ತಿ ಹೊರಗೆಳೆದೆ. ಒಂದು ಇಡೀ ರಾತ್ರಿ ತಂತಿ ಬಾಗಿಸಿ ಕೊಕ್ಕೆ ಮಾಡಿ ಒಳಗೆ ಮೀನು ಹಿಡಿದ ಹಾಗೆ ತಡಕಾಡಿದೆ. ಬೆಳಗಾಗುವ ಹೊತ್ತಿಗೆ ಪಾಟ್‌ನ ಅಂಚು ತಗುಲಿ ಕಂಡಿಯ ಬಾಯಿಂದ ಒಂದು ಚಕ್ಕೆ ಎದ್ದುಬಂತು. ಗೆಳೆಯ ಏನೂ ಅನ್ನಲಿಲ್ಲ. ಆ ಚಕ್ಕೆ ಹಾರಿದ ಜಾಗ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ವಿಷಯ. ಬರೀ ಪಿಕಪ್ ಬದಲಿಸುವುದಾದರೆ ಇಡೀ ಗೊಂಚಲು ಹೊರಗೆ ತೆಗೆಯುವ ಅಗತ್ಯವಿಲ್ಲ. ಪಿಕಪ್‌ನ ವೈರು ಬೆಸೆದಿರುವುದು ಎರಡು ವಾಲ್ಯೂಮ್ ಪಾಟ್‌ಗಳಿಗೆ ಮಾತ್ರ. ವೈರಿನಲ್ಲಿ ಸಡಿಲವಿದ್ದರೆ ಅವೆರಡನ್ನೇ ಕಂಡಿಯ ಬಾಯಿಯವರೆಗೆ ತಂದು ಕೆಲಸ ಮುಗಿಸಬಹುದು. ಇನ್ನೂ ಸುಲಭದ ದಾರಿಯೂ ಇದೆ: ಹಳೆ ವೈರನ್ನು ಪಿಕಪ್ ಗುಂಡಿಯ ಹತ್ತಿರವೇ ಕತ್ತರಿಸಿ, ಹೊಸದರ ವೈರನ್ನು ಅಲ್ಲೇ ಬೆಸೆದು, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕುವುದು. ಗೊಂಚಲನ್ನು ಮುಟ್ಟುವುದೇ ಬೇಡ. ಇದನ್ನು ಕೆಲವರು ಕಳ್ಳದಾರಿ ಅನ್ನುತ್ತಾರೆ. ನನ್ನ ಮಟ್ಟಿಗೆ ಬೆಸುಗೆ ಚೆನ್ನಾಗಿದ್ದರೆ ದನಿಗೆ ಯಾವ ಕೊರತೆಯೂ ಇಲ್ಲ. ಮೊದಲ ಸಲ ಮಾಡುವವನಿಗೆ ಇದೇ ಒಳ್ಳೆಯದು. ಹಳೆಯ, ಬೆಲೆಬಾಳುವ ಪಿಕಪ್ ಆಗಿದ್ದರೆ ಮಾತ್ರ ಅದರ ವೈರು ಕತ್ತರಿಸಬಾರದು. ನಿನ್ನದು ಅಂಥದ್ದಲ್ಲ.

ಹೊಸದರಲ್ಲಿ ನಾಲ್ಕು ಬಣ್ಣದ ವೈರು ಇರುತ್ತವೆ. ಜೊತೆಗೆ ಬಂದ ಚೀಟಿ ಓದದೆ ಬೆಸೆಯಬೇಡ, ಬಣ್ಣಕ್ಕೆ ಎಲ್ಲ ಕಂಪನಿಯಲ್ಲೂ ಒಂದೇ ಅರ್ಥವಿಲ್ಲ. ಸೇಮೋರ್ ಡಂಕನ್‌ನಲ್ಲಿ ದನಿ ಹೊರಬರುವುದು ಕಪ್ಪಿನಿಂದ, ಡಿಮಾರ್ಜಿಯೋದಲ್ಲಿ ಕೆಂಪಿನಿಂದ. ನೀನು ಒಂದನ್ನೇ ಬದಲಿಸಿ ಇನ್ನೊಂದು ಹಳೆಯದನ್ನೇ ಉಳಿಸಿಕೊಂಡರೆ ಎರಡೂ ಎದುರುಬದುರಾಗುವ ಅಪಾಯವಿದೆ. ಸ್ವಿಚ್ಚು ನಡುವೆ ಇಟ್ಟಾಗ ದನಿ ಮೂಗಿನಲ್ಲಿ ಹಾಡಿದಂತೆ ಸೊರಗಿದರೆ ಅದೇ ಕಾರಣ. ಮುಚ್ಚುವ ಮೊದಲೇ ಪರೀಕ್ಷಿಸಿಕೋ. ಮುಳ್ಳಿರುವ ಹಳೆ ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಪಿಕಪ್‌ನ ತಲೆಗೆ ಸ್ಕ್ರೂಡ್ರೈವರ್ ತಾಗಿಸಿ ಥಟ್ಟನೆ ಎತ್ತಿದರೆ ಮುಳ್ಳು ಒಂದು ಕಡೆಗೆ ತುಯ್ಯುತ್ತದೆ. ಎರಡು ಪಿಕಪ್‌ಗೂ ಒಂದೇ ಕಡೆಗೆ ತುಯ್ಯಬೇಕು.

ಬೆಸುಗೆ ಮುಗಿದ ಮೇಲೆ, ಪಾಟ್‌ಗಳನ್ನು ಒಳಗೆ ತಳ್ಳುವ ಮೊದಲು, ಜಾಕ್‌ಗೆ ಕೇಬಲ್ ಚುಚ್ಚಿ ವಾಲ್ಯೂಮ್ ಪೂರ್ತಿ ಇಟ್ಟು ಅಳೆದು ನೋಡು. ನಿನ್ನ ಗಿಟಾರಿನಲ್ಲಿರುವಂಥ ಹಳೇ ಶೈಲಿಯ ಹಂಬಕರ್ ಪಿಕಪ್ ಸಾಮಾನ್ಯವಾಗಿ 7ರಿಂದ 9 ಕಿಲೋ ಓಮ್ ತೋರಿಸುತ್ತದೆ. ಸೊನ್ನೆ ಬಂದರೆ ವೈರಿನ ಹೊರಹೆಣಿಗೆ ಎಲ್ಲೋ ತಾಗಿಕೊಂಡಿದೆ. 500ರ ಹತ್ತಿರ ಬಂದರೆ ಪಿಕಪ್ ಸೇರಿಯೇ ಇಲ್ಲ, ನೀನು ನೋಡುತ್ತಿರುವುದು ಬರೀ ಪಾಟ್. ಸ್ವಿಚ್ಚು ನಡುವೆ ಇಟ್ಟರೆ ಸುಮಾರು ಅರ್ಧಕ್ಕೆ ಇಳಿಯಬೇಕು. ಈ ಎರಡು ನಿಮಿಷ ಉಳಿಸಲು ಹೋದವರು ಎರಡು ದಿನ ಕಳೆದುಕೊಂಡದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಪಾಟ್‌ಗಳನ್ನೂ ಬದಲಿಸುವ ಆಸೆ ಇದ್ದರೆ 500 ಕಿಲೋ ಓಮ್‌ನವೇ ಇರಲಿ, 250ರವು ಹಂಬಕರ್‌ನ ಮೇಲುದನಿಯನ್ನು ನುಂಗುತ್ತವೆ. ಆದರೆ ದೊಡ್ಡ ಅಮೆರಿಕನ್ ಪಾಟ್‌ನ ಕುತ್ತಿಗೆ ನಿನ್ನ ಗಿಟಾರಿನ ತೂತಿಗೆ ಹಿಡಿಸದೇ ಇರಬಹುದು. ಆಗ ಡ್ರಿಲ್ ಮುಟ್ಟಬೇಡ. ಪದರದ ಹಲಗೆ ಅದು, ಸೀಳಿಬಿಡುತ್ತದೆ. ಕೈಯಲ್ಲಿ ತಿರುಗಿಸುವ ರೀಮರ್‌ನಿಂದ ನಿಧಾನವಾಗಿ ಅಗಲಿಸು. ಪಾಟ್‌ನ ಬೆನ್ನಿಗೆ ಬೆಸೆಯುವಾಗ 25 ವ್ಯಾಟಿನ ಕಡ್ಡಿ ಸಾಲದು. ಅದನ್ನೇ ಹಿಡಿದುಕೊಂಡು ಕೂತರೆ ಬಿಸಿಯೆಲ್ಲ ಒಳಗಿಳಿದು ಪಾಟ್ ಕೆಡುತ್ತದೆ. 40ಕ್ಕಿಂತ ಮೇಲಿನದು ತೆಗೆದುಕೊಂಡು ಬೇಗ ಮುಗಿಸು. ಗಿಟಾರಿನ ಮುಖದ ಮೇಲೆ ದಪ್ಪ ಬಟ್ಟೆ ಹಾಸಿಕೋ, ಒಂದು ಹನಿ ಸೀಸ ಸಿಡಿದರೂ ಮೆರುಗಿನ ಮೇಲೆ ಕಲೆ ನಿಲ್ಲುತ್ತದೆ. ನಟ್ಟು ಬಿಚ್ಚಲು ಸ್ಪ್ಯಾನರ್ ಬಳಸು, ಇಕ್ಕಳ ಬೇಡ. ಎಸ್.ಪಿ. ರೋಡಿನಲ್ಲಿ ಇದೆಲ್ಲ ಒಂದೇ ಓಡಾಟದಲ್ಲಿ ಸಿಗುತ್ತದೆ.

ಮೇಣ ತುಂಬಿದ ಪಿಕಪ್ಪೋ ಮೇಣವಿಲ್ಲದ್ದೋ ಅಂತ ಕೇಳಿದ್ದೆಯಲ್ಲ. ಸೇತ್ ಲವರ್ ರೂಪಿಸಿದ ಮೊದಲ ಹಂಬಕರ್‌ಗಳಲ್ಲಿ ಮೇಣ ಇರಲಿಲ್ಲ. ಅವುಗಳಲ್ಲಿ ಬೆರಳು ಸವರಿದ ಸದ್ದೂ ಕೇಳುವಂಥ ಒಂದು ಜೀವಂತಿಕೆ ಇದೆ, ನನಗೂ ಅದು ಇಷ್ಟ. ಆದರೆ ನೀನು ನುಡಿಸುವುದು ಪೆಂಡಾಲಿನಲ್ಲಿ, ಡ್ರಮ್ಸ್ ಪಕ್ಕದಲ್ಲಿ, ಸ್ಪೀಕರಿಗೆ ಮುಖ ಮಾಡಿ. ಅಲ್ಲಿ ಮೇಣವಿಲ್ಲದ ಪಿಕಪ್ ಕೀರಲು ಕೂಗುತ್ತದೆ. ನೀನು ಮೇಣದ್ದನ್ನು ತರಿಸಿದ್ದರೆ ಸರಿಯಾಗೇ ತರಿಸಿದ್ದೀಯ. ಕೀರಲಾಗಿರದೆ ತಗ್ಗು ದನಿಯಲ್ಲಿ ಗುಂಯ್ ಅಂತ ಏರುವ ಊಳು ಬೇರೆ. ಅದು ಮೈಯದ್ದು, ಪಿಕಪ್ ಬದಲಿಸಿದರೆ ಹೋಗುವುದಿಲ್ಲ. ಬಿ.ಬಿ. ಕಿಂಗ್ ಅದಕ್ಕೇ ಕಂಡಿಗಳೊಳಗೆ ಬಟ್ಟೆ ತುರುಕಿಕೊಂಡು ನುಡಿಸುತ್ತಿದ್ದ. ಕೊನೆಗೆ 1980ರಲ್ಲಿ ಗಿಬ್ಸನ್ ಅವನ ಹೆಸರಿನಲ್ಲಿ ತಂದ ಗಿಟಾರಿಗೆ ಕಂಡಿಯನ್ನೇ ಇಡಲಿಲ್ಲ.

ತಂತಿ ಬಿಚ್ಚಿದ ಕೂಡಲೇ ಬ್ರಿಡ್ಜ್ ಕಳಚಿ ಬೀಳುತ್ತದೆ, ಹುಷಾರು. ಯಾವ ಮುಖ ಯಾವ ಕಡೆಗಿತ್ತು ಅಂತ ಮೊದಲೇ ಫೋಟೋ ತೆಗೆದುಕೋ. ತಂತಿ ಕಟ್ಟುವ ಕಂಬದಿಂದ ಒಳಗೆ ಹೋಗುವ ಒಂದು ಸಣ್ಣ ಅರ್ಥ್ ವೈರು ಇದೆ. ಅದು ಕಿತ್ತುಬಂದರೆ ತಂತಿ ಮುಟ್ಟಿದರೂ ಗುಂಯ್‌ಗುಡುವುದು ನಿಲ್ಲುವುದಿಲ್ಲ. ಹಳೆ ಪಿಕಪ್‌ಗಳನ್ನು ಮಾರಬೇಡ. ಯಾವುದು ಕುತ್ತಿಗೆಯದು, ಯಾವುದು ಬ್ರಿಡ್ಜಿನದು ಅಂತ ಬರೆದು ಅದೇ ಹೊಸ ಡಬ್ಬಿಯಲ್ಲಿ ಎತ್ತಿಡು.

ಭಾನುವಾರ ಒಬ್ಬನೇ ಶುರು ಮಾಡಬೇಡ, ಬೆಳಿಗ್ಗೆ ತಿಂಡಿ ಹೊತ್ತಿಗೆ ಇಲ್ಲಿಗೇ ಬಂದುಬಿಡು. ಮಂಚದ ಮೇಲೆ ಕಂಬಳಿ ಹಾಸಿರುತ್ತೇನೆ, ಬೆಸುಗೆ ಕಡ್ಡಿ ನನ್ನದೇ ಇದೆ. ನೂಲಿನುಂಡೆ ಮಾತ್ರ ನಿಮ್ಮಮ್ಮನ ಹೊಲಿಗೆ ಪೆಟ್ಟಿಗೆಯಿಂದ ಕೇಳಿ ತಾ, ಇಲ್ಲಿರುವುದು ಹಳತು, ಎಳೆದರೆ ತುಂಡಾಗುತ್ತದೆ.