ಗಣಕದೊಳಗೊಂದು ಗಣಕ

ಅಚ್ಚಾದ ಗ್ರಂಥವು ನೂರು ವರ್ಷ ಬಾಳಬಲ್ಲದು. ಆದರೆ ಅದನ್ನು ಅಚ್ಚಿಗೆ ಅಣಿಗೊಳಿಸಿದ ಗಣಕದ ಕಡತವು ಇಪ್ಪತ್ತೇ ವರ್ಷಗಳಲ್ಲಿ ತೆರೆಯಲಾಗದಂತಾಗುವುದುಂಟು. ನಮ್ಮ ನಾಡಿನ ಮುದ್ರಣಾಲಯಗಳಲ್ಲಿ ಎಷ್ಟೋ ಕನ್ನಡ ಪುಸ್ತಕಗಳ ಪುಟಗಳನ್ನು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಜೋಡಿಸಲಾಗಿತ್ತು. ಅದರ ಕೊನೆಯ ಆವೃತ್ತಿ 2001ರದು. ಇಂದಿನ ವಿಂಡೋಸ್ ವ್ಯವಸ್ಥೆಯಲ್ಲಿ ಅದು ಸರಿಯಾಗಿ ನಡೆದೀತೆಂಬ ಭರವಸೆಯಿಲ್ಲ. ಹಳೆಯ ಗಣಕವನ್ನೇ ಉಳಿಸಿಕೊಳ್ಳೋಣವೆಂದರೆ ಬಿಡಿಭಾಗಗಳು ದೊರೆಯುವುದು ಕಷ್ಟ. ಇಂಥಲ್ಲಿ ನೆರವಿಗೆ ಬರುವುದು ‘ವರ್ಚುವಲ್ ಮಷಿನ್’. ಇದನ್ನು ನಾವು ಕಲ್ಪಿತ ಗಣಕವೆಂದು ಕರೆಯೋಣ.

ಕಲ್ಪಿತ ಗಣಕಕ್ಕೆ ತನ್ನದೇ ಆದ ಒಡಲಿಲ್ಲ. ‘ಹೈಪರ್‌ವೈಸರ್’ ಎಂಬ ಮೇಲ್ವಿಚಾರಕ ತಂತ್ರಾಂಶವು ನಿಜ ಗಣಕದ ಸ್ಮೃತಿಯಲ್ಲಿ ಒಂದು ಪಾಲನ್ನು ಬೇರ್ಪಡಿಸಿ, ಒಂದು ದೊಡ್ಡ ಕಡತವನ್ನೇ ಡಿಸ್ಕ್ ಎಂದು ತೋರಿಸಿ, ಹಳೆಯ ವಿಂಡೋಸಿಗೆ ತಾನೊಂದು ಪೂರ್ಣ ಗಣಕವನ್ನು ಆಳುತ್ತಿರುವೆನೆಂಬ ಭ್ರಮೆಯನ್ನುಂಟುಮಾಡುತ್ತದೆ. ಕೂಡುವ, ಕಳೆಯುವ ಸಾಮಾನ್ಯ ಆದೇಶಗಳು ನಿಜ ಸಂಸ್ಕಾರಕದಲ್ಲಿಯೇ ನೇರವಾಗಿ ನಡೆಯುತ್ತವೆ. ಯಂತ್ರದ ಭಾಗಗಳನ್ನೇ ಆಳಬಯಸುವ ಆದೇಶ ಬಂದಾಗ ಮಾತ್ರ ಮೇಲ್ವಿಚಾರಕವು ಅದನ್ನು ತಡೆದು, ತಾನು ನೆರವೇರಿಸಿ, ಫಲವನ್ನು ಒಪ್ಪಿಸುತ್ತದೆ.

ಹಾಗಾದರೆ ಈ ಮೇಲ್ವಿಚಾರಕವು ನಿಲ್ಲುವುದೆಲ್ಲಿ? ಇದನ್ನು ತಿಳಿಯಲು ಗದಗ ಸೀಮೆಯ ಇತಿಹಾಸದಿಂದ ಒಂದು ಹೋಲಿಕೆಯನ್ನು ತೆಗೆದುಕೊಳ್ಳೋಣ. ಸೊರಟೂರದಲ್ಲಿ 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು ಸೋಲಿಸಿದನು. ಈ ಎರಡು ಮನೆತನಗಳೂ ಮೊದಲು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದವು; ಬಳಿಕ ಸ್ವತಂತ್ರವಾದವು. ಸಾಮಂತನಿಗೂ ಸೇನೆಯುಂಟು, ಸೀಮೆಯುಂಟು. ಆದರೆ ಮೇಲೊಬ್ಬ ಅರಸನುಂಟು. ಸ್ವತಂತ್ರನಿಗಾದರೋ ತನ್ನ ನೆಲದ ಮೇಲೆ ನೇರವಾದ ಅಧಿಕಾರ.

ಮೇಲ್ವಿಚಾರಕಗಳಲ್ಲಿಯೂ ಇದೇ ಭೇದವಿದೆ. ವರ್ಚುವಲ್‌ಬಾಕ್ಸ್‌ನಂಥವು ಸಾಮಂತರು. ನಮ್ಮ ಗಣಕದಲ್ಲಿ ಮೊದಲೇ ಇರುವ ವಿಂಡೋಸ್ ಅಥವಾ ಲಿನಕ್ಸ್ ಅಲ್ಲಿ ಆತಿಥೇಯ. ಸ್ಮೃತಿಗೂ ಡಿಸ್ಕಿಗೂ ಅದನ್ನೇ ಕೇಳಬೇಕು. 2001ರಲ್ಲಿ ಬಂದ ಇಎಸ್‌ಎಕ್ಸ್‌ನಂಥವು ಬರಿಯ ಯಂತ್ರದ ಮೇಲೆಯೇ ನಿಲ್ಲುವ ಸ್ವತಂತ್ರರು. ಈ ವರ್ಗೀಕರಣವನ್ನು ರಾಬರ್ಟ್ ಗೋಲ್ಡ್‌ಬರ್ಗ್ 1973ರಲ್ಲಿಯೇ ಮಾಡಿದ್ದರು. ಆದರೆ ಗಡಿಯು ಯಾವಾಗಲೂ ಸ್ಪಷ್ಟವಲ್ಲ: 2007ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದ ಕೆವಿಎಂ, ಆ ತಿರುಳನ್ನೇ ಮೇಲ್ವಿಚಾರಕವನ್ನಾಗಿ ಮಾಡಿತು.

ಇವೆರಡರಲ್ಲಿ ಯಾವುದು ಮೇಲು? ಕೆಲಸವನ್ನು ನೋಡಿ ಉತ್ತರಿಸಬೇಕು. ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು 2005–06ರಲ್ಲಿ ಈ ಕಾರ್ಯಕ್ಕೆ ನೆರವಾಗುವ ಏರ್ಪಾಡನ್ನು ಸಂಸ್ಕಾರಕದೊಳಗೇ ಅಳವಡಿಸಿದ ಮೇಲೆ ಲೆಕ್ಕದ ವೇಗದಲ್ಲಿ ಅಂತರವು ಬಹಳ ಕಡಿಮೆಯಾಯಿತು. ಡಿಸ್ಕು ಮತ್ತು ಜಾಲದ ಬಳಕೆಯಲ್ಲಿ ಮಾತ್ರ ಸಾಮಂತ ಪದ್ಧತಿಯ ಹೆಚ್ಚಿನ ಮೆಟ್ಟಿಲುಗಳು ಎದ್ದು ಕಾಣುತ್ತವೆ. ಅಲ್ಲದೆ ಆತಿಥೇಯ ವ್ಯವಸ್ಥೆಯು ಕುಸಿದರೆ ಅತಿಥಿಗಳೆಲ್ಲವೂ ಕುಸಿಯುತ್ತವೆ. ಆದುದರಿಂದ ಹಗಲಿರುಳೂ ಅನೇಕ ಕಲ್ಪಿತ ಗಣಕಗಳನ್ನು ನಡೆಸಬೇಕಾದ ಕಚೇರಿಗೆ ಬರಿಯ ಯಂತ್ರದ ಮೇಲಿನ ಪದ್ಧತಿಯೇ ತಕ್ಕುದು. ಆದರೆ ಅದಕ್ಕೆ ಪ್ರತ್ಯೇಕ ಗಣಕವನ್ನೇ ಮೀಸಲಿಡಬೇಕು. ಅದರ ಭಾಗಗಳು ಮೇಲ್ವಿಚಾರಕಕ್ಕೆ ಹೊಂದುವಂತಿರಬೇಕು. ಸಾಮಾನ್ಯವಾಗಿ ಇನ್ನೊಂದು ಗಣಕದಿಂದ ಅದನ್ನು ನೋಡಿಕೊಳ್ಳಬೇಕು. ಒಂದೇ ಗಣಕದಲ್ಲಿ ಪತ್ರವನ್ನೂ ಬರೆದು, ಲೆಕ್ಕವನ್ನೂ ಇಟ್ಟು, ಆಗಾಗ ಹಳೆಯ ಪುಟವೊಂದನ್ನು ತೆರೆಯಬೇಕಾದ ಸಣ್ಣ ಮುದ್ರಣಾಲಯಕ್ಕೆ ಸಾಮಂತ ಪದ್ಧತಿಯೇ ಸಾಕು. ಅದೇ ಸುಲಭವೂ ಹೌದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲವು 2014ರಲ್ಲಿ ನಿಂತಿತು. ಅದನ್ನು ಕಲ್ಪಿತ ಗಣಕದಲ್ಲಿ ನಡೆಸುವಾಗ ಅಂತರಜಾಲದಿಂದ ದೂರವಿಡಬೇಕು. ಕಲ್ಪಿತ ಡಿಸ್ಕೂ ಒಂದು ಕಡತವೇ ಆದುದರಿಂದ, ಅದರ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ಕಾಪಾಡಬೇಕು.

ಇಷ್ಟಾದರೂ ಕಲ್ಪಿತ ಗಣಕವು ಹಳೆಯ ಬರಹಕ್ಕೆ ತಂಗುದಾಣವೇ ಹೊರತು ಶಾಶ್ವತ ಮನೆಯಲ್ಲ. ಹಳೆಯ ನುಡಿ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಇರಿಸಿದ್ದವು. ಆ ಲಿಪಿಯಿಲ್ಲದ ಕಡೆ ನಮ್ಮ ಕಾವ್ಯವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕಡತವನ್ನು ತೆರೆಯಲು ಸಾಧ್ಯವಿರುವಾಗಲೇ ಅದರ ಪಠ್ಯವನ್ನು ಹೊರತೆಗೆದು, ಯುನಿಕೋಡಿಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ ಇಡುವುದೇ ಜಾಣತನ.