ಕಿಟಕಿಯ ಪಕ್ಕ ಸುವರ್ಣಗಡ್ಡೆ: ಬೀಜದಿಂದ ಬೆಳೆಸಿ ನೋಡೋಣ

ಮಕ್ಕಳೇ, ಒಂದು ಗಿಡದಲ್ಲಿ ಎಷ್ಟು ಎಲೆಗಳಿರುತ್ತವೆ? ಬೇವಿನ ಮರದ ಎಲೆಗಳನ್ನು ಎಣಿಸಲು ಆಗುವುದಿಲ್ಲ. ತೊಗರಿ ಗಿಡದ ಎಲೆಗಳನ್ನು ಎಣಿಸಬಹುದು, ಆದರೆ ಬೇಸರ ಬರುತ್ತದೆ. ಸುವರ್ಣಗಡ್ಡೆಯಲ್ಲಿ ಎಣಿಸುವ ಕೆಲಸವೇ ಇಲ್ಲ. ಸಾಮಾನ್ಯವಾಗಿ ಒಂದು ಗಡ್ಡೆಗೆ ಒಂದು ಹಂಗಾಮಿನಲ್ಲಿ ಒಂದೇ ಎಲೆ. ಬಲಿತ ಗಡ್ಡೆಯಿಂದ ಬರುವ ಆ ಒಂದು ಎಲೆ ಆಳೆತ್ತರಕ್ಕೆ ಬೆಳೆದು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಹಾವಿನ ಮೈಯಂತೆ ಚುಕ್ಕೆಗಳಿರುವ ದಪ್ಪ ಕಂಬವನ್ನು ನೋಡಿ ಎಲ್ಲರೂ ಅದನ್ನು ಕಾಂಡ ಎನ್ನುತ್ತಾರೆ. ಅದು ಕಾಂಡವಲ್ಲ, ಎಲೆಯ ತೊಟ್ಟು. ನಿಜವಾದ ಕಾಂಡ ಮಣ್ಣಿನೊಳಗಿದೆ. ನಾವು ಪಲ್ಯ ಮಾಡುವ ಗಡ್ಡೆಯೇ ಆ ಕಾಂಡ.

ಚಿಂಚೋಳಿ, ಸೇಡಂ ಕಡೆ ತೆಲುಗು ಮಾತನಾಡುವ ಮನೆಗಳಲ್ಲಿ ಇದನ್ನು 'ಕಂದ' ಎನ್ನುತ್ತಾರೆ. ಮರಾಠಿಯಲ್ಲಿ 'ಸುರಣ', ಹಿಂದಿಯಲ್ಲಿ 'ಜಿಮೀಕಂದ'. ವೈಜ್ಞಾನಿಕ ಹೆಸರು ಅಮಾರ್ಫೊಫ್ಯಾಲಸ್ ಪಿಯೋನಿಫೋಲಿಯಸ್. ಇದು ಕೆಸುವಿನ ಕುಟುಂಬಕ್ಕೆ ಸೇರಿದ ಸಸ್ಯ. ಕರಾವಳಿ ಮತ್ತು ಮಲೆನಾಡಿನ ಹಿತ್ತಲುಗಳಲ್ಲಿ ಇದು ಸಾಮಾನ್ಯ. ನಮ್ಮ ಒಣ ಸೀಮೆಯಲ್ಲಿ ಸಂತೆಯ ಬುಟ್ಟಿಯಲ್ಲಿ ಕಾಣುವುದೇ ಹೆಚ್ಚು, ಹೊಲದಲ್ಲಿ ಕಾಣುವುದು ಕಡಿಮೆ.

ಸುಮಾತ್ರಾದ ದೊಡ್ಡಣ್ಣ

ಸುವರ್ಣಗಡ್ಡೆಗೆ ಒಬ್ಬ ದೈತ್ಯ ಅಣ್ಣನಿದ್ದಾನೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಳೆಕಾಡಿನಲ್ಲಿ ಬೆಳೆಯುವ ಅಮಾರ್ಫೊಫ್ಯಾಲಸ್ ಟೈಟಾನಂ. ಅದರ ಹೂಗೊಂಚಲು ಮೂರು ಮೀಟರ್‌ವರೆಗೆ ಎತ್ತರ ಬೆಳೆಯಬಲ್ಲದು. ಕೊಳೆತ ಮಾಂಸದ ವಾಸನೆ ಬೀರಿ ಜೀರುಂಡೆ, ನೊಣಗಳನ್ನು ಕರೆಯುತ್ತದೆ. 1878ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಒದೊಆರ್ದೊ ಬೆಕ್ಕಾರಿ ಇದನ್ನು ಕಂಡು, ಗಡ್ಡೆಗಳನ್ನೂ ಬೀಜಗಳನ್ನೂ ಊರಿಗೆ ಕಳುಹಿಸಿದರು. ಆಗ ಯೂರೋಪಿನ ದ್ರಾಕ್ಷಿ ತೋಟಗಳಿಗೆ ಫಿಲೊಕ್ಸೆರಾ ಎಂಬ ಕೀಟದ ಕಾಟವಿತ್ತು. ಅದಕ್ಕಾಗಿ ಮಾಡಿದ್ದ ಕಾಯಿದೆಯಿಂದ ಗಡ್ಡೆಗಳು ಫ್ರಾನ್ಸಿನ ಮಾರ್ಸೆಲ್ಸ್ ಬಂದರಿನಲ್ಲೇ ಸಿಕ್ಕಿಬಿದ್ದು ಸತ್ತವು. ಬೀಜಗಳು ಮಾತ್ರ ಮೊಳೆತವು. ಅವುಗಳಲ್ಲಿ ಒಂದು ಸಸಿ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ಹೋಯಿತು. ಅಲ್ಲಿನ ಗಾಜಿನ ಮನೆಯಲ್ಲಿ ಬೆಳೆದು 1889ರಲ್ಲಿ ಹೂಬಿಟ್ಟಿತು. ಅಂದರೆ ಚಳಿ ದೇಶದಲ್ಲಿ, ಸೂರಿನಡಿ, ಬೀಜದಿಂದ ಬೆಳೆದು ಹೂವಾಗಲು ಸುಮಾರು ಹತ್ತು ವರ್ಷ.

ಆ ಸಸ್ಯವನ್ನು ನಾವು ಬೆಳೆಸಲಾರೆವು. 2018ರಲ್ಲಿ ಅದನ್ನು ವಿನಾಶದ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಲಾಗಿದೆ. ಆದರೆ ತಮ್ಮನನ್ನು ಬೆಳೆಸಬಹುದು. ಕ್ಯೂ ತೋಟಗಾರರಿಗೆ ಚಳಿ ಶತ್ರುವಾಗಿತ್ತು, ನಮಗೆ ಒಣಗಾಳಿ ಶತ್ರು. ಹಾಗಾಗಿ ನಾವೂ ಗಿಡವನ್ನು ಕೋಣೆಯೊಳಗೇ ಇಡಬೇಕು.

ಗಡ್ಡೆ ಇರುವಾಗ ಬೀಜವೇಕೆ?

ರೈತರು ಇದನ್ನು ಬೀಜದಿಂದ ಬೆಳೆಯುವುದಿಲ್ಲ. ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ತುಂಡುಗಳನ್ನು, ಪ್ರತಿ ತುಂಡಿನಲ್ಲೂ ಕಣ್ಣಿನ ಸ್ವಲ್ಪ ಭಾಗ ಉಳಿಯುವಂತೆ ಕತ್ತರಿಸಿ ನೆಡುತ್ತಾರೆ. ಎಂಟು-ಒಂಬತ್ತು ತಿಂಗಳಲ್ಲಿ ಕೀಳುತ್ತಾರೆ. ಹೀಗೆ ಬೆಳೆದ ಗಿಡಗಳೆಲ್ಲ ತಾಯಿಯ ಪಡಿಯಚ್ಚು. 'ಗಜೇಂದ್ರ' ಎಂಬ ತುರಿಕೆ ಕಡಿಮೆ ಇರುವ ತಳಿ ಎಷ್ಟು ಹೊಲಗಳಲ್ಲಿ ಬೆಳೆದರೂ ಅದೇ ಗುಣ ಉಳಿಯುವುದು ಇದರಿಂದಲೇ. ಬೀಜದಿಂದ ಬಂದ ಸಸಿ ಹಾಗಲ್ಲ. ಅದಕ್ಕೆ ತಾಯಿಯೂ ಇದೆ, ತಂದೆಯೂ ಇದೆ. ಹತ್ತು ಬೀಜ ಬಿತ್ತಿದರೆ ತೊಟ್ಟಿನ ಬಣ್ಣ, ಚುಕ್ಕೆ, ಗಡ್ಡೆಯ ಗಾತ್ರ ಹತ್ತು ಬಗೆಯಾಗಬಹುದು. ತರಗತಿಯಲ್ಲಿ ನೋಡಬೇಕಾದದ್ದು ಇದನ್ನೇ. ಬೇಗ ಗಡ್ಡೆ ಬೇಕೆನ್ನುವವರು ಸಂತೆಯಿಂದ ಕಣ್ಣಿರುವ ತುಂಡನ್ನು ತಂದು ನೆಡಲಿ, ಅದರಲ್ಲಿ ತಪ್ಪೇನಿಲ್ಲ.

ಬೀಜ ಅಪರೂಪವಾಗಲು ಎರಡು ಕಾರಣಗಳಿವೆ. ಹೂ ಬರಲು ಗಡ್ಡೆ ಕೆಲವು ವರ್ಷ ಮಣ್ಣಿನಲ್ಲೇ ಉಳಿದು ದೊಡ್ಡದಾಗಬೇಕು, ರೈತರು ಅಷ್ಟರೊಳಗೆ ಕಿತ್ತು ಮಾರುತ್ತಾರೆ. ಎರಡನೆಯದು, ಒಂದೇ ಹೂಗೊಂಚಲಿನಲ್ಲಿ ಹೆಣ್ಣು ಹೂಗಳು ಮೊದಲು ಪಕ್ವವಾಗುತ್ತವೆ. ಅವುಗಳ ಅವಧಿ ಮುಗಿದ ಮೇಲೆ ಗಂಡು ಹೂಗಳು ಪರಾಗ ಉದುರಿಸುತ್ತವೆ. ಆದ್ದರಿಂದ ಪಕ್ಕದಲ್ಲಿ ಒಂದು ದಿನ ಮುಂಚೆ ಅರಳಿದ ಇನ್ನೊಂದು ಗಿಡ ಬೇಕು, ಅಲ್ಲಿಂದ ಇಲ್ಲಿಗೆ ಬರುವ ಜೀರುಂಡೆಯೂ ಬೇಕು.

ಬೇಸಿಗೆಯ ಕೊನೆಯ ಮಳೆಗಳಿಗೆ ಹೂಬಿಟ್ಟ ಗಿಡದಲ್ಲಿ ಕೆಲವು ತಿಂಗಳ ನಂತರ ಕೆಂಪು ಹಣ್ಣುಗಳು ದಿಂಡಿನ ಸುತ್ತ ಗೊಂಚಲಾಗಿ ನಿಲ್ಲುತ್ತವೆ. ಒಂದೊಂದು ಹಣ್ಣಿನಲ್ಲಿ ಒಂದರಿಂದ ಮೂರು ಬೀಜ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಶಿಕ್ಷಕರ ಪರಿಚಯವಿದ್ದರೆ ಅವರ ಮೂಲಕ ತರಿಸುವುದು ಸುಲಭ. ಚಿಂಚೋಳಿಯ ಮಕ್ಕಳಿಗೆ ಒಂದು ಮಾತು. ಚಿಂಚೋಳಿ ವನ್ಯಜೀವಿ ಅಭಯಾರಣ್ಯದೊಳಗಿಂದ ಯಾವ ಗಿಡ, ಬೀಜ, ಗಡ್ಡೆಯನ್ನೂ ತರಬಾರದು. 2011ರಲ್ಲಿ ಅಭಯಾರಣ್ಯವೆಂದು ಘೋಷಿಸಿದ ಆ ಕಾಡಿನಲ್ಲಿ ನೋಡುವುದು, ಬರೆದುಕೊಳ್ಳುವುದು ಮಾತ್ರ ನಮ್ಮ ಕೆಲಸ.

ಒಣಗಿಸಿದರೆ ಸಾಯುವ ಬೀಜ

ನಮ್ಮದು ತೊಗರಿಯ ನಾಡು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಬೀಜವೆಂದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಮುಂದಿನ ಮುಂಗಾರಿನವರೆಗೆ ಇಡುವುದು ಎಂದೇ ನಮ್ಮ ಅಜ್ಜಿಯರು ಕಲಿಸಿದ್ದಾರೆ. ತೊಗರಿ, ಜೋಳಕ್ಕೆ ಅದು ನೂರಕ್ಕೆ ನೂರು ಸರಿ. ಸುವರ್ಣಗಡ್ಡೆಯ ಬೀಜಕ್ಕೆ ಅದೇ ಉಪಚಾರ ಮಾಡಿದರೆ ಬೀಜ ಸಾಯುತ್ತದೆ.

ಕಾರಣವನ್ನು ಬೀಜ ಸೀಳಿಯೇ ನೋಡಬಹುದು. ನೆನೆಸಿದ ಜೋಳದ ಕಾಳನ್ನು ಸೀಳಿದರೆ ಮೂಲೆಯಲ್ಲಿ ಪುಟ್ಟ ಭ್ರೂಣ, ಉಳಿದದ್ದೆಲ್ಲ ಹಿಟ್ಟಿನಂಥ ಭ್ರೂಣಾಹಾರ. ತೊಗರಿಯಲ್ಲಿ ಭ್ರೂಣಾಹಾರವಿಲ್ಲ, ಎರಡು ಬೇಳೆಗಳಲ್ಲಿ ಆಹಾರ ಕೂಡಿರುತ್ತದೆ. ಸುವರ್ಣಗಡ್ಡೆ ಜೋಳದಂತೆ ಏಕದಳ ಸಸ್ಯ. ಆದರೂ ಅದರ ಬಲಿತ ಬೀಜದಲ್ಲಿ ಭ್ರೂಣಾಹಾರ ಇರುವುದಿಲ್ಲ. ತೆಳು ಸಿಪ್ಪೆಯೊಳಗೆ ಇರುವುದೆಲ್ಲ ಭ್ರೂಣವೇ, ಒಂದು ಪುಟಾಣಿ ಗಡ್ಡೆಯಂತೆ. ಒಣಗಿ ಕಾಯುವ ಸಿದ್ಧತೆ ಅದಕ್ಕಿಲ್ಲ.

ಹಾಗಾಗಿ ಹಣ್ಣು ಕೈಗೆ ಬಂದ ವಾರದೊಳಗೆ ತಿರುಳು ತೆಗೆದು, ತೊಳೆದು, ನೆರಳಿನಲ್ಲಿ ನೀರು ಆರಿಸಿ ಬಿತ್ತಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ತಿರುಳು ತುರಿಸುತ್ತದೆ. ಬೀಜ ಹೆಚ್ಚು ಸಿಕ್ಕರೆ ಅರ್ಧವನ್ನು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿ ಬಿತ್ತಿ, ಹೋಲಿಸಿ. ಎರಡೇ ಬೀಜ ಒಣಗಿಸಿ, ಎರಡೂ ಮೊಳೆಯದಿದ್ದರೆ ಅದು ಸಾಕ್ಷಿಯಾಗುತ್ತದೆಯೇ? ಎಷ್ಟು ಬೀಜಗಳಾದರೆ ನೀವು ನಂಬುತ್ತೀರಿ? ತರಗತಿಯಲ್ಲಿ ಚರ್ಚಿಸಿ.

ಫರ್ಸಿ ಕಲ್ಲಿನ ಊರಿನ ನೀರು

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುಣ್ಣದ ಕಲ್ಲಿನ ಮೇಲೆ ಕುಳಿತ ಊರುಗಳು. ಆ ಕಲ್ಲಿನಿಂದಲೇ ಫರ್ಸಿ, ಆ ಕಲ್ಲಿನಿಂದಲೇ ಸಿಮೆಂಟ್. ಒಂದು ಚೂರು ಫರ್ಸಿಯನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಹಿಂಡಿ. ನೊರೆಯಂತೆ ಗುಳ್ಳೆಗಳು ಬರುತ್ತವೆ. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದೊಂದಿಗೆ ಸೇರಿ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಅದು. ಇದೇ ಕಲ್ಲಿನ ನಡುವೆ ಹರಿದು ಬಂದ ಬೋರ್‌ವೆಲ್ ನೀರು ಗಡುಸಾಗಿರುತ್ತದೆ, ಸಾಬೂನು ನೊರೆ ಕೊಡುವುದಿಲ್ಲ. ದಿನವೂ ಅದನ್ನೇ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಮಣ್ಣು ಕ್ಷಾರವಾದಂತೆ ಬೇರುಗಳಿಗೆ ಕಬ್ಬಿಣದ ಅಂಶ ಸಿಗುವುದು ಕಷ್ಟ. ಎಳೆ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಇದೇ ಕಾರಣವಿರಬಹುದು. ಶಾಲೆಯ ಮಾಳಿಗೆಯ ಮಳೆನೀರನ್ನು ಒಂದು ಕೊಡದಲ್ಲಿ ಹಿಡಿದಿಟ್ಟರೆ ಒಂದು ಕುಂಡಕ್ಕೆ ಬಹಳ ದಿನ ಸಾಕು.

ಎರೆಮಣ್ಣು ಒಂದೇ ಬೇಡ. ಅದು ನೀರನ್ನು ಹಿಡಿದಿಡುತ್ತದೆ, ಗಡ್ಡೆ ಕೊಳೆಯುತ್ತದೆ. ಚಿಂಚೋಳಿ ಕಡೆ ಸಿಗುವಂಥ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು ಬೆರೆಸಿ. ತಳದಲ್ಲಿ ತೂತಿರುವ ಸಣ್ಣ ಡಬ್ಬಿ ಮೊದಲ ವರ್ಷಕ್ಕೆ ಸಾಕು. ಬೀಜವನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಇಡಿ. ಪೂರ್ವದ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದಂತೆ ಇಡಿ. ಗಾಳಿ ತೀರ ಒಣಗಿದ್ದರೆ ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಚೀಲ ಮುಚ್ಚಿ. ಮೊಳಕೆ ಮೂರು ವಾರಕ್ಕೂ ಬರಬಹುದು, ಮೂರು ತಿಂಗಳಿಗೂ ಬರಬಹುದು. ಬೆರಳಿನಿಂದ ಕೆದಕಿ ನೋಡುವ ಮಕ್ಕಳಿಂದ ಡಬ್ಬಿಯನ್ನು ಕಾಯುವುದೇ ಶಿಕ್ಷಕರಿಗೆ ದೊಡ್ಡ ಕೆಲಸ.

ಹಸಿ ಗಡ್ಡೆ, ಎಲೆ, ಹಣ್ಣು ಯಾವುದನ್ನೂ ಬಾಯಿಗೆ ಹಾಕಬಾರದು. ಇದರ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಅತಿಸೂಕ್ಷ್ಮ ಸೂಜಿಗಳ ಕಟ್ಟುಗಳಿರುತ್ತವೆ. ಅವು ನಾಲಿಗೆ, ಗಂಟಲಿಗೆ ಚುಚ್ಚಿ ಉರಿ, ಬಾವು ತರುತ್ತವೆ. ಮಣ್ಣು ಬದಲಿಸಿದ ಕೈಯಿಂದ ಕಣ್ಣು ಉಜ್ಜಬಾರದು. ಕುಂಡ ಒಂದನೇ, ಎರಡನೇ ತರಗತಿಯ ಮಕ್ಕಳ ಕೈಗೆ ಎಟುಕದಂತಿರಲಿ. ಅಡುಗೆಯಲ್ಲಿ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವ ರೂಢಿ ಬಂದದ್ದು ಈ ತುರಿಕೆಯಿಂದಲೇ.

ಎಲೆ ಬಿದ್ದ ಮೇಲೆ

ಮೊದಲ ಎಲೆ ಅಂಗೈಯಗಲ. ಮೂರು ಕವಲಾಗಿ ಒಡೆದು, ದೊಡ್ಡ ಎಲೆಯ ಆಟಿಕೆಯಂತೆ ಕಾಣುತ್ತದೆ. ಕೆಲವು ತಿಂಗಳು ಹಾಗೇ ನಿಂತು, ಒಂದು ದಿನ ಹಳದಿಯಾಗಿ ತೊಟ್ಟು ಮೆತ್ತಗಾಗಿ ಮಲಗಿಬಿಡುತ್ತದೆ. ಮಕ್ಕಳು ಅಳುಮುಖ ಮಾಡಿಕೊಂಡು ನೀರು ಹಾಕತೊಡಗುತ್ತಾರೆ. ಅದೇ ಅಪಾಯ. ಗಿಡ ಸತ್ತಿಲ್ಲ, ಸುಪ್ತಾವಸ್ಥೆಗೆ ಹೋಗಿದೆ. ಎಲೆ ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಆಹಾರವೆಲ್ಲ ಪಿಷ್ಟವಾಗಿ ಗಡ್ಡೆಗೆ ಇಳಿದಿದೆ. ಎಲೆ ಇಲ್ಲದ ಗಡ್ಡೆ ನೀರು ಹೀರುವುದಿಲ್ಲ, ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಆದ್ದರಿಂದ ಎಲೆ ಹಳದಿಯಾದಾಗಲೇ ನೀರು ಕಡಿಮೆ ಮಾಡಿ, ಬಿದ್ದ ಮೇಲೆ ಪೂರ್ತಿ ನಿಲ್ಲಿಸಿ.

ಮೊದಲ ವರ್ಷ ಈ ನಿದ್ದೆ ಬೇಸಿಗೆ ರಜೆಯ ಹೊತ್ತಿಗೆ ಬರಬಹುದು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುತ್ತದೆ, ಮೇ ಬಿಸಿಲಿನಲ್ಲಿ ಕೋಣೆ ಕುಲುಮೆಯಾಗುತ್ತದೆ, ಒಣ ಮಣ್ಣಿನ ಡಬ್ಬಿ ಮೂಲೆಯಲ್ಲಿರುತ್ತದೆ. ಶಾಲೆ ತೆರೆಯುವ ಮುನ್ನ ಸ್ವಚ್ಛತೆ ನಡೆಯುತ್ತದೆ. ನಾನು ಕಂಡ ಒಂದು ಶಾಲೆಯಲ್ಲಿ ಮೂರು ವರ್ಷದ ಗಡ್ಡೆ ಹೀಗೆ ಕಸದೊಂದಿಗೆ ತಿಪ್ಪೆಗೆ ಹೋಗಿತ್ತು. ಅದಕ್ಕೆ ಡಬ್ಬಿಯ ಮೇಲೆ ಬಣ್ಣದಲ್ಲಿ ದಪ್ಪಗೆ ಬರೆದಿಡಿ: 'ಒಳಗೆ ಜೀವವಿದೆ. ನೀರು ಹಾಕಬೇಡಿ. ಎಸೆಯಬೇಡಿ.' ಬಿಸಿಯೂಟದ ಅಡುಗೆಯವರಿಗೂ ಒಂದು ಮಾತು ತಿಳಿಸಿ.

ರಜೆಯ ನಂತರ ಶಾಲೆ ತೆರೆದ ವಾರ ಡಬ್ಬಿಯನ್ನು ಪೇಪರಿನ ಮೇಲೆ ಮಗುಚಿ ಗಡ್ಡೆಯನ್ನು ಹುಡುಕಿ. ಗೋಲಿಯಷ್ಟೋ ಸಣ್ಣ ಈರುಳ್ಳಿಯಷ್ಟೋ ಇರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಅದು ಹಗುರವಾದೀತು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ತೂಕ ಬರೆದುಕೊಂಡು, ಒಂದು ಅಳತೆ ದೊಡ್ಡ ಡಬ್ಬಿಗೆ ಹೊಸ ಮಣ್ಣು ತುಂಬಿ, ಕಣ್ಣು ಮೇಲೆ ಬರುವಂತೆ ನೆಡಿ. ಮೊಳಕೆ ಕಂಡ ಮೇಲೆ ಮಾತ್ರ ಚೆನ್ನಾಗಿ ನೀರು ಕೊಡಿ.

ಈ ತೂಕದ ಪಟ್ಟಿಯನ್ನು ಗಣಿತದ ತರಗತಿಗೂ ಒಯ್ಯಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೊ ಸಸ್ಯೋದ್ಯಾನದಲ್ಲಿ ಕಿತ್ತಳೆಯಷ್ಟಿದ್ದ ಒಂದು ಟೈಟಾನಂ ಗಡ್ಡೆ ಏಳು ವರ್ಷಗಳಲ್ಲಿ ಬೆಳೆದು 2010ರಲ್ಲಿ 153.9 ಕಿಲೋ ತೂಗಿತು. ಕಿತ್ತಳೆ 200 ಗ್ರಾಂ ಎಂದು ಇಟ್ಟುಕೊಳ್ಳಿ. ಎರಡರಷ್ಟು ಮಾಡುತ್ತಾ ಹೋಗಿ: 400, 800, 1600... ಒಂಬತ್ತನೇ ಸಲಕ್ಕೆ 102.4 ಕಿಲೋ, ಹತ್ತನೇ ಸಲಕ್ಕೆ 204.8 ಕಿಲೋ. ವರ್ಷ ಏಳೇ. ಹಾಗಾದರೆ ಅದು ವರ್ಷಕ್ಕೆ ಎರಡರಷ್ಟಕ್ಕಿಂತ ಹೆಚ್ಚು ಬೆಳೆಯಿತೋ, ಕಡಿಮೆಯೋ? ನಿಮ್ಮ ಗಡ್ಡೆ ವರ್ಷಕ್ಕೆ ಎಷ್ಟು ಪಟ್ಟು ಬೆಳೆಯಿತು?

ಎರಡನೇ ವರ್ಷ ಎಲೆ ಬಿದ್ದು ಮತ್ತೆ ಮಣ್ಣು ಬಿಡಿಸಿದಾಗ ಇನ್ನೊಂದನ್ನು ಗಮನಿಸಿ. ನೀವು ಜೂನ್‌ನಲ್ಲಿ ನೆಟ್ಟ ಗಡ್ಡೆ ಅಲ್ಲಿರುವುದಿಲ್ಲ. ಹೊಸ ಎಲೆಗೆ ತನ್ನ ಪಿಷ್ಟವನ್ನೆಲ್ಲ ಕೊಟ್ಟು ಅದು ಕರಗಿರುತ್ತದೆ. ಅದರ ಜಾಗದಲ್ಲಿ ಇರುವುದು ಬೇರೆಯೇ ಒಂದು ಗಡ್ಡೆ. ಹಳೆಯದರ ಸುಕ್ಕುಗಟ್ಟಿದ ಸಿಪ್ಪೆ ಹೊಸ ಗಡ್ಡೆಯ ಯಾವ ಬದಿಯಲ್ಲಿ ಸಿಗುತ್ತದೆ, ಮೇಲೋ ಕೆಳಗೋ, ಹುಡುಕಿ ಚಿತ್ರ ಬರೆಯಿರಿ.